ಪ್ಯಾರಿಸ್‌ನಿಂದ ಆಮ್‌ಸ್ಟರ್‌ಡ್ಯಾಮ್: ದೂರ ಎಷ್ಟು, ನಿಜಕ್ಕೂ ಹಿಡಿಯುವ ಹೊತ್ತು ಎಷ್ಟು?

ಬಸವನಗುಡಿ_ಬಸು

ಎಲ್ಲರಿಗೂ ನಮಸ್ಕಾರ. ಮೇ ತಿಂಗಳಲ್ಲಿ ನಾಲ್ಕು ಜನ ಪ್ಯಾರಿಸ್‌ನಲ್ಲಿ ಇಳಿದು, ಅಲ್ಲಿಂದ ಆಮ್‌ಸ್ಟರ್‌ಡ್ಯಾಮ್‌ಗೆ ಹೋಗಿ, ಅಲ್ಲಿಂದಲೇ ಬೆಂಗಳೂರಿಗೆ ವಾಪಸ್ ಬರುವ ಯೋಚನೆ. ಇಬ್ಬರು ಎಪ್ಪತ್ತು ದಾಟಿದವರು. ದೊಡ್ಡ ಸೂಟ್‌ಕೇಸ್ ನಾಲ್ಕು.

ದೂರ ಹುಡುಕಿದರೆ ಒಂದು ಕಡೆ 400 ಕಿ.ಮೀ., ಇನ್ನೊಂದು ಕಡೆ 430, ಮತ್ತೊಂದು ಕಡೆ 510 ಅಂತ ಬರುತ್ತೆ. ಹೊತ್ತು ನೋಡಿದರೆ ವಿಮಾನ 1 ಗಂಟೆ 20 ನಿಮಿಷ, ರೈಲು 3 ಗಂಟೆ 20 ನಿಮಿಷ, ಕಾರು 5 ಗಂಟೆ ಚಿಲ್ಲರೆ. ಈ ಲೆಕ್ಕದಲ್ಲಿ ವಿಮಾನವೇ ಸಲೀಸು ಅಲ್ವಾ? ತಿಳಿದವರು ಹೇಳಿ.

ಹಳಿಪುರಾಣ

ಬಸು ಅವರೇ, ನೀವು ಕೊಟ್ಟ ಮೂರು ಅಂಕಿಯೂ ಸರಿಯೇ. ಅಳೆದದ್ದು ಬೇರೆ ಬೇರೆ ವಸ್ತು, ಅಷ್ಟೆ. 430 ಅನ್ನುವುದು ಊರಿನ ನಡುವಿನಿಂದ ಊರಿನ ನಡುವಿಗೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಬರುವ ದೂರ. ಶಾರ್ಲ್ ದ ಗಾಲ್ ವಿಮಾನ ನಿಲ್ದಾಣ ಪ್ಯಾರಿಸ್‌ನ ಈಶಾನ್ಯಕ್ಕೆ, ಸ್ಕಿಪೋಲ್ ಆಮ್‌ಸ್ಟರ್‌ಡ್ಯಾಮ್‌ನ ನೈಋತ್ಯಕ್ಕೆ. ಎರಡೂ ಒಂದರ ಕಡೆಗೊಂದು ಸರಿದು ಕೂತಿರುವುದರಿಂದ ಅವುಗಳ ನಡುವೆ ಸುಮಾರು 400. ರಸ್ತೆಯಲ್ಲಿ 500ರಿಂದ 515, ಯಾವ ದಾರಿ ಹಿಡಿಯುತ್ತೀರಿ ಅನ್ನುವುದರ ಮೇಲೆ. ಅಂದಹಾಗೆ ಫ್ರಾನ್ಸಿನಲ್ಲಿ ಪ್ಯಾರಿಸ್‌ಗೆ ಇಷ್ಟು ದೂರ ಅಂತ ಅಳೆಯುವುದು ನೋತ್ರ್ ದಾಮ್ ಚರ್ಚಿನ ಎದುರು ನೆಲದಲ್ಲಿ ಕೂರಿಸಿರುವ ಸೊನ್ನೆ ಗುರುತಿನಿಂದ. ನಿಮ್ಮ ಹೋಟೆಲಿನಿಂದಲ್ಲ.

ದೂರದ ಅಂಕಿಯನ್ನು ಮರೆತುಬಿಡಿ. ಆ 1 ಗಂಟೆ 20 ನಿಮಿಷ ನಿಜವಲ್ಲ ಅನ್ನುವುದು ಮುಖ್ಯ. ಅದರ ಲೆಕ್ಕ ಮೇಷ್ಟ್ರು ಬಿಡಿಸಲಿ.

ಲೆಕ್ಕದಮೇಷ್ಟ್ರು

ಬಿಡಿಸೋಣ. ಹೋಟೆಲ್ ಪ್ಯಾರಿಸ್ ನಡುಭಾಗದಲ್ಲಿದೆ, ಎರಡೂ ಲೆಕ್ಕಕ್ಕೆ ಅದೇ ಬಾಗಿಲು.

ವಿಮಾನ: ಪ್ಯಾರಿಸ್‌ನ ದೊಡ್ಡ ರೈಲು ನಿಲ್ದಾಣವಾದ ಗಾರ್ ದು ನೋರ್ ತನಕ ಮೆಟ್ರೊದಲ್ಲಿ 20 ನಿಮಿಷ. ಅಲ್ಲಿಂದ ಆರ್‌ಇಆರ್ ಬಿ ಅನ್ನುವ ಲೋಕಲ್ ರೈಲಿನಲ್ಲಿ ವಿಮಾನ ನಿಲ್ದಾಣಕ್ಕೆ 35. (ಇದು ಪ್ರತಿ ನಿಲ್ದಾಣದಲ್ಲೂ ನಿಲ್ಲುವ ಗಾಡಿಯಾದರೆ ಇನ್ನಷ್ಟು. ಕೊನೆಯ ನಿಲ್ದಾಣದಲ್ಲಿ ಇಳಿದರೆ ಟರ್ಮಿನಲ್ 2. ಅದರ ಹಿಂದಿನದರಲ್ಲಿ ಇಳಿದರೆ 1 ಮತ್ತು 3.) ಸೂಟ್‌ಕೇಸ್ ಒಪ್ಪಿಸಿ, ತಪಾಸಣೆ ಮುಗಿಸಿ, ಗೇಟು ತಲುಪಿ ಕೂರಲು ಒಂದೂಮುಕ್ಕಾಲು ಗಂಟೆ ಇಟ್ಟುಕೊಳ್ಳದಿದ್ದರೆ ಹಿರಿಯರ ಜೊತೆ ಓಡಬೇಕಾಗುತ್ತೆ. ಹಾರಾಟ 80 ನಿಮಿಷ. ಸೂಟ್‌ಕೇಸ್ ಬರಲು 25. ಸ್ಕಿಪೋಲ್‌ನಿಂದ ರೈಲು ಕಾದು ಹತ್ತಿ ಸೆಂಟ್ರಾಲ್ ನಿಲ್ದಾಣಕ್ಕೆ ಇನ್ನೊಂದು 25. ಕೂಡಿದರೆ 290 ನಿಮಿಷ, ಅಂದರೆ 4 ಗಂಟೆ 50 ನಿಮಿಷ. ಎಲ್ಲವೂ ಸರಿಯಾಗಿ ನಡೆದರೆ ಮಾತ್ರ.

ರೈಲು: ಗಾರ್ ದು ನೋರ್‌ಗೆ ಅದೇ 20. ಹತ್ತುವ ಮೊದಲು 30. ಪ್ರಯಾಣ 3 ಗಂಟೆ 20ರಿಂದ 25. ಇಳಿದು ಆಮ್‌ಸ್ಟರ್‌ಡ್ಯಾಮ್ ಸೆಂಟ್ರಾಲ್‌ನಿಂದ ಹೊರಗೆ ಬರಲು 10. ಒಟ್ಟು 4 ಗಂಟೆ 25 ನಿಮಿಷ. ಇದರಲ್ಲಿ ಮೂರೂಕಾಲು ಗಂಟೆಗೂ ಹೆಚ್ಚು ಹೊತ್ತು ಒಂದೇ ಸೀಟಿನಲ್ಲಿ ಕೂತಿರುತ್ತೀರಿ, ಸೂಟ್‌ಕೇಸನ್ನು ಎತ್ತಿ ಇಳಿಸುವುದು ಒಂದೊಂದೇ ಸಲ. ವಿಮಾನದ ಲೆಕ್ಕದಲ್ಲಿ ಅದೇ ಸೂಟ್‌ಕೇಸನ್ನು ಐದಾರು ಸಲ ಮುಟ್ಟಬೇಕು.

ಇನ್ನೊಂದು. ಸ್ಕಿಪೋಲ್‌ನ ಪೋಲ್ಡರ್‌ಬಾನ್ ಅನ್ನುವ ರನ್‌ವೇ ಟರ್ಮಿನಲ್‌ನಿಂದ ಬಹಳ ದೂರ. ವಿಮಾನ ಅಲ್ಲಿ ಇಳಿದರೆ ನೆಲದ ಮೇಲೆ ಉರುಳುತ್ತಾ ಬರುವುದಕ್ಕೇ ಹದಿನೈದು ನಿಮಿಷದಷ್ಟು ಹೋಗುತ್ತೆ. ಕಂಪನಿಗಳು ವೇಳಾಪಟ್ಟಿಯಲ್ಲಿ ಅದನ್ನು ಸೇರಿಸಿಯೇ ಇಟ್ಟಿರುತ್ತವೆ. ಅದಕ್ಕೇ 400 ಕಿ.ಮೀ.ಗೆ 80 ನಿಮಿಷ.

ಬಸವನಗುಡಿ_ಬಸು

ಓಹ್. ಹಾಗಾದರೆ ರೈಲಿನ 3 ಗಂಟೆ 20 ನಿಮಿಷವಾದರೂ ನಂಬಬಹುದಾ? 300 ಕಿ.ಮೀ. ವೇಗದ ರೈಲು ಅಂತಾರೆ. 510ಕ್ಕೆ ಎರಡು ಗಂಟೆಯೊಳಗೆ ಆಗಬೇಕಿತ್ತಲ್ಲ?

ಹಳಿಪುರಾಣ

ಒಳ್ಳೆ ಪ್ರಶ್ನೆ, ಇದಕ್ಕೆ ಸ್ವಲ್ಪ ಉದ್ದ ಉತ್ತರ.

ಪ್ಯಾರಿಸ್‌ನಿಂದ ಬ್ರಸೆಲ್ಸ್‌ನ ಮಿಡಿ ನಿಲ್ದಾಣದ ತನಕ ಸುಮಾರು 310 ಕಿ.ಮೀ., ನಡುವೆ ನಿಲ್ಲದೆ 1 ಗಂಟೆ 22 ನಿಮಿಷ. ಸರಾಸರಿ ವೇಗ ಗಂಟೆಗೆ 220ಕ್ಕೂ ಮೇಲೆ. ಬ್ರಸೆಲ್ಸ್‌ನಿಂದ ಆಮ್‌ಸ್ಟರ್‌ಡ್ಯಾಮ್‌ಗೆ ಉಳಿದದ್ದು ಬರೀ 215 ಕಿ.ಮೀ.ಯಷ್ಟು, ಆದರೆ ಅದಕ್ಕೆ ಸುಮಾರು 1 ಗಂಟೆ 50 ನಿಮಿಷ. ಅಂದರೆ ಕಡಿಮೆ ದೂರಕ್ಕೆ ಹೆಚ್ಚು ಹೊತ್ತು.

ಕಾರಣ ಒಂದೊಂದಾಗಿ. ಫ್ರಾನ್ಸಿನ ಉತ್ತರದ ಅತಿವೇಗದ ಹಳಿ 1993ರದ್ದು. ಗಡಿಯಿಂದ ಬ್ರಸೆಲ್ಸ್ ಕಡೆಗಿನ ಬೆಲ್ಜಿಯಂ ಹಳಿ 1997ರ ಡಿಸೆಂಬರ್‌ನಲ್ಲಿ ಪೂರ್ತಿಯಾಯಿತು. ಅಲ್ಲಿತನಕ ಬೇರೆ ಗಾಡಿಗಳ ಕಾಟವಿಲ್ಲದ ಹಳಿ, 300ರಲ್ಲಿ ಓಡುತ್ತೆ. ಬ್ರಸೆಲ್ಸ್ ಮುಟ್ಟಿದ ಕೂಡಲೇ ಊರಿನ ಕೆಳಗೆ ಹಾಯುವ ಆರು ಹಳಿಗಳ ಸುರಂಗಕ್ಕೆ ಸೇರಬೇಕು. 1952ರ ಸುರಂಗ ಅದು. ದೇಶದ ಮುಕ್ಕಾಲುಪಾಲು ಗಾಡಿಗಳು ಅಲ್ಲೇ ನುಗ್ಗುತ್ತವೇನೋ ಅನ್ನಿಸುವಷ್ಟು ದಟ್ಟಣೆ. ನೀವು ಹತ್ತುವ ವೇಗದ ರೈಲು, ಅಂದರೆ ಯೂರೋಸ್ಟಾರ್, ಅಲ್ಲಿ ಲೋಕಲ್ ಗಾಡಿಗಳ ಸಾಲಿನಲ್ಲಿ ನಿಧಾನಕ್ಕೆ ಸಾಗುತ್ತೆ. ಆಮೇಲೆ ಆಂಟ್‌ವರ್ಪ್ ತನಕ ಹಳೆಯ ಹಳಿಯನ್ನು ಬಲಪಡಿಸಿದ ದಾರಿ, ಗರಿಷ್ಠ 160. (ಬ್ರಸೆಲ್ಸ್‌ನಿಂದ ಮೆಚೆಲೆನ್‌ಗೆ 1835ರಲ್ಲಿ ಹಾಕಿದ್ದು ಯೂರೋಪ್ ಖಂಡದ ನೆಲದಲ್ಲಿ ಉಗಿಬಂಡಿ ಎಳೆದ ಮೊಟ್ಟಮೊದಲ ಸಾರ್ವಜನಿಕ ಪ್ರಯಾಣಿಕ ಮಾರ್ಗಗಳಲ್ಲಿ ಒಂದು. ಬಳಕೆ ಇಂದಿಗೂ ನಿಂತಿಲ್ಲ.) ಆಂಟ್‌ವರ್ಪ್ ಸೆಂಟ್ರಾಲ್‌ನಲ್ಲಿ ಮೊದಲು ಗಾಡಿ ಒಳಗೆ ಹೋಗಿ ಅದೇ ಬಾಯಿಂದ ಹಿಂದಕ್ಕೆ ಬರಬೇಕಿತ್ತು. 2007ರಲ್ಲಿ ನಿಲ್ದಾಣದ ಅಡಿಯಲ್ಲೇ ಸುರಂಗ ಕೊರೆದು ನೇರ ದಾರಿ ಮಾಡಿದರು.

ಆಂಟ್‌ವರ್ಪ್ ದಾಟಿದ ಮೇಲೆ ಮತ್ತೆ ವೇಗದ ಹಳಿ. ಡಚ್ಚರ ಎಚ್‌ಎಸ್‌ಎಲ್ ಜೌಡ್ ಮಾರ್ಗ 2009ರಲ್ಲಿ ತೆರೆಯಿತು. ಅದಕ್ಕೂ ಮೊದಲು ಇದೇ ಪ್ರಯಾಣಕ್ಕೆ 4 ಗಂಟೆ 11 ನಿಮಿಷ ಬೇಕಿತ್ತು. ಲೈಡನ್ ಹತ್ತಿರ ಹಸಿರು ಬಯಲು ಕೆಡಬಾರದು ಅಂತ 7 ಕಿ.ಮೀ. ಮೀರಿದ ಸುರಂಗವನ್ನೇ ಕೊರೆದಿದ್ದಾರೆ. ಹೊಲದ ಕೆಳಗೆ ಸುರಂಗ ಅಂದರೆ ನಮಗೆ ವಿಚಿತ್ರ ಅನ್ನಿಸಬಹುದು, ಅವರಿಗೆ ಆ ಬಯಲು ಅಷ್ಟು ಮುಖ್ಯ. ಆದರೆ ಇದೇ ಮಾರ್ಗದ ಕೆಲವು ಮೇಲ್ಸೇತುವೆಗಳಲ್ಲಿ ಕಾಂಕ್ರೀಟ್ ದೋಷ ಕಂಡು ವೇಗವನ್ನು 80ರ ತನಕ ಇಳಿಸಿದ್ದುಂಟು. 300ರಿಂದ 80ಕ್ಕೆ ಇಳಿಸಿ ಮತ್ತೆ ವೇಗ ಹಿಡಿಯುವುದರಲ್ಲೇ ನಿಮಿಷಗಳು ಕಳೆಯುತ್ತವೆ. ಸ್ಕಿಪೋಲ್ ಹತ್ತಿರ ಬಂದ ಮೇಲೆ ಮತ್ತೆ ಲೋಕಲ್ ಹಳಿ, ಮತ್ತೆ ಸಾಲು.

ಇದರ ಜೊತೆ ವಿದ್ಯುತ್ತು. ವೇಗದ ಹಳಿಗಳ ಮೇಲೆ 25,000 ವೋಲ್ಟ್ ಎಸಿ, ಬೆಲ್ಜಿಯಂನ ಹಳೆಯ ಹಳಿಯಲ್ಲಿ 3,000 ವೋಲ್ಟ್ ಡಿಸಿ, ಡಚ್ಚರ ಹಳೆಯ ಹಳಿಯಲ್ಲಿ 1,500 ವೋಲ್ಟ್ ಡಿಸಿ. ಸಿಗ್ನಲ್ ಪದ್ಧತಿಯೂ ಒಂದೊಂದು ಕಡೆ ಒಂದೊಂದು. ಒಂದೇ ಗಾಡಿ ಇಷ್ಟಕ್ಕೂ ಒಗ್ಗಬೇಕು. ವೋಲ್ಟೇಜ್ ಬದಲಾಗುವ ಕಡೆ ಚಾಲಕ ಮೇಲಿನ ತಂತಿಯಿಂದ ಕರೆಂಟು ಎಳೆಯುವ ಪ್ಯಾಂಟೋಗ್ರಾಫ್ ಇಳಿಸಿ, ಕರೆಂಟಿಲ್ಲದ ತುಂಡನ್ನು ಬಂದ ವೇಗದಲ್ಲೇ ದಾಟಿ, ಆಚೆ ಮತ್ತೆ ಏರಿಸುತ್ತಾನೆ. ಆಗ ಬೋಗಿಯೊಳಗಿನ ಏರ್‌ಕಂಡೀಷನರ್ ಒಂದು ಕ್ಷಣ ಸದ್ದು ನಿಲ್ಲಿಸಿದರೆ ಹಿರಿಯರು ಗಾಬರಿಯಾಗುವುದು ಬೇಡ. ಗಾಡಿ ಕೆಟ್ಟಿಲ್ಲ.

ಹಾಗಾಗಿ 3 ಗಂಟೆ 20 ನಿಮಿಷ ನಂಬಿಕೆಗೆ ಅರ್ಹವಾದ ಅಂಕಿಯೇ. ತಡವಾದರೆ ಬಹಳ ಸಲ ಬ್ರಸೆಲ್ಸ್‌ನ ಉತ್ತರಕ್ಕೆ ಆಗುತ್ತೆ ಅನ್ನುವುದು ನೆನಪಿರಲಿ.

ಧಾರವಾಡ_ಫೇಡೆ

ಎಲ್ಲಾರೂ ಕೂಡಿ ಕಾರು ಬ್ಯಾಡ ಅಂತ ಮೊದಲೇ ತೀರ್ಮಾನ ಮಾಡಿಬಿಟ್ರಲ್ಲ! ನಾಲ್ಕು ಮಂದಿ, ನಾಲ್ಕು ಸೂಟ್‌ಕೇಸ್ ಅಂದ್ರ ಕಾರಿನ ಲೆಕ್ಕಾನೂ ನೋಡ್ರಿ.

ಪ್ಯಾರಿಸ್‌ನಿಂದ ಎ1 ಹೆದ್ದಾರಿ ಹಿಡೀರಿ. ವಿಮಾನ ನಿಲ್ದಾಣ ದಾಟಿ ಸೆನ್ಲಿಸ್ ಹತ್ತರ ಟೋಲ್ ಶುರು ಆಗ್ತೈತಿ. ಮುಂದ ಕಾಂಬ್ಲ್ ಅನ್ನೋ ಕಡೆ ದಾರಿ ಸೀಳತೈತಿ. ಅಲ್ಲಿ ಎ2 ತಗೊಂಡ್ರ ಕಾಂಬ್ರೆ, ವಾಲೆನ್ಸಿಯೆನ್ ಮ್ಯಾಲೆ ಗಡಿ ದಾಟಿ ಬ್ರಸೆಲ್ಸ್. ಎ1 ಬಿಡದ ನೆಟ್ಟಗ ಹೋದ್ರ ಲೀಲ್, ಕೋರ್ಟ್ರೈಕ್, ಗೆಂಟ್ ಮ್ಯಾಲೆ ಆಂಟ್‌ವರ್ಪ್. ಎರಡೂ ಆಂಟ್‌ವರ್ಪ್‌ನಾಗ ಕೂಡ್ತಾವ. ದೂರದಾಗ ಹೆಚ್ಚು ಫರಕ್ ಇಲ್ಲ. ಬ್ರಸೆಲ್ಸ್ ರಿಂಗ್ ರೋಡಿನಾಗ ಮುಂಜಾನೆ ಏಳರಿಂದ ಹತ್ತು, ಸಂಜೀಕ ನಾಲ್ಕರಿಂದ ಏಳು ಸಿಕ್ಕೊಂಡ್ರ ಗೆಂಟ್ ದಾರೀನ ಚಲೋ. ಆದ್ರ ಆ ದಾರಿ ಆಂಟ್‌ವರ್ಪ್‌ನ ಕೆನೆಡಿ ಸುರಂಗದಾಗ ಹಾಯ್ತೈತಿ. ಆಂಟ್‌ವರ್ಪ್ ರಿಂಗ್ ಪೂರ್ತಿ ಮಾಡೋ ದೊಡ್ಡ ಕಾಮಗಾರಿ ವರ್ಷಗಟ್ಟಲೆ ನಡದೈತಿ, ಅಲ್ಲಿ ಯಾವಾಗ ಬೇಕಾದ್ರೂ ಅರ್ಧ ತಾಸು ನಿಲ್ಲಬೇಕಾಗ್ತದ. ಆಂಟ್‌ವರ್ಪ್ ದಾಟಿ ಬ್ರೇಡಾ, ಅಲ್ಲಿಂದ ಎ27 ಮ್ಯಾಲೆ ಉಟ್ರೆಕ್ಟ್, ಎ2 ಮ್ಯಾಲೆ ಆಮ್‌ಸ್ಟರ್‌ಡ್ಯಾಮ್.

ವೇಗ: ಫ್ರಾನ್ಸ್‌ನಾಗ 130, ಮಳಿ ಬಂದ್ರ 110. ಬೆಲ್ಜಿಯಂನಾಗ 120. ಡಚ್ ನಾಡಿನಾಗ ಮುಂಜಾನೆ 6ರಿಂದ ಸಂಜೀ 7ರ ತನಕ ಬರೇ 100, 2020ರಿಂದ ಹಿಂಗೈತಿ. ಉಟ್ರೆಕ್ಟ್‌ನಿಂದ ಆಮ್‌ಸ್ಟರ್‌ಡ್ಯಾಮ್ ಎ2 ಮ್ಯಾಲೆ ಒಂದು ಕ್ಯಾಮೆರಾದಿಂದ ಇನ್ನೊಂದಕ್ಕ ಎಷ್ಟು ಹೊತ್ತು ಹಿಡೀತು ಅಂತ ನೋಡಿ ಸರಾಸರಿ ತಗೀತಾರ. ಕ್ಯಾಮೆರಾ ಕಂಡಾಗ ಬ್ರೇಕ್ ಹಾಕಿ ಪಾರಾಗೋ ಆಟ ನಡೆಂಗಿಲ್ಲ.

ಖರ್ಚು: 100 ಕಿ.ಮೀ.ಗೆ 7 ಲೀಟರ್ ಹಿಡದ್ರ 510ಕ್ಕ 36 ಲೀಟರ್, ಹೆಚ್ಚುಕಡಿಮಿ 60ರಿಂದ 70 ಯೂರೊ. ಟೋಲ್ ಫ್ರಾನ್ಸ್‌ನಾಗ ಮಾತ್ರ, 15ರಿಂದ 20 ಯೂರೊ. ಪೆಟ್ರೋಲ್ ಬೆಲ್ಜಿಯಂನಾಗ ತುಂಬಿಸ್ಕೋರಿ, ಗಡಿ ದಾಟಿದ್ರ ತುಟ್ಟಿ. ನಾಲ್ಕು ಮಂದಿಗೆ ಒಟ್ಟು 90 ಯೂರೊ ಒಳಗ!

ಲೆಕ್ಕದಮೇಷ್ಟ್ರು

ಫೇಡೆ ಅಣ್ಣ, ದಾರಿ ಚೆನ್ನಾಗಿ ಹೇಳಿದಿರಿ. ಆದರೆ ಲೆಕ್ಕದಲ್ಲಿ ದೊಡ್ಡ ಬಾಬ್ತನ್ನೇ ಬಿಟ್ಟಿರಿ. ಬಾಡಿಗೆ ಕಾರನ್ನು ಒಂದು ದೇಶದಲ್ಲಿ ತಗೊಂಡು ಇನ್ನೊಂದು ದೇಶದಲ್ಲಿ ಬಿಟ್ಟರೆ ಬಾಡಿಗೆಯ ಮೇಲೆ ಒಂದು ದಾರಿಯ ಶುಲ್ಕ ಬೀಳುತ್ತೆ, ಬಹಳ ಕಡೆ ಅದೇ ಕೆಲವು ನೂರು ಯೂರೊ. ನಾಲ್ಕು ದೊಡ್ಡ ಸೂಟ್‌ಕೇಸ್ ಸಾಮಾನ್ಯ ಹ್ಯಾಚ್‌ಬ್ಯಾಕ್‌ನಲ್ಲಿ ಹಿಡಿಯೋದಿಲ್ಲ, ಸ್ಟೇಷನ್ ವ್ಯಾಗನ್ ಕೇಳಬೇಕು. ಅದು ಇನ್ನೂ ಹೆಚ್ಚು.

ಭಾರತದ ಲೈಸೆನ್ಸ್ ಇರುವವರು ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಬೇಕು. ಬೆಂಗಳೂರಿನ ಆರ್‌ಟಿಒದಲ್ಲಿ ಫಾರ್ಮ್ 4ಎ, ಶುಲ್ಕ 1000 ರೂಪಾಯಿ, ಒಂದು ವರ್ಷ ಚಾಲ್ತಿ. ಮೂಲ ಲೈಸೆನ್ಸ್ ಜೊತೆಯಲ್ಲೇ ಇರಬೇಕು. ಬಲಬದಿಯ ಸಂಚಾರ ಒಂದು ಕಡೆಯಾದರೆ, ಫ್ರಾನ್ಸ್ ಮತ್ತು ಬೆಲ್ಜಿಯಂ ಊರೊಳಗೆ ಫಲಕ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವನಿಗೆ ಮೊದಲ ಹಕ್ಕು. ನೀವು ದೊಡ್ಡ ರಸ್ತೆಯಲ್ಲಿದ್ದೀರಿ, ಅವನು ಗಲ್ಲಿಯಿಂದ ಬರುತ್ತಿದ್ದಾನೆ ಅಂದರೂ ಸರಿ. ನಮ್ಮ ಕಡೆಯವರು ಎಡವುವುದು ಇಲ್ಲೇ.

ಆಂಟ್‌ವರ್ಪ್ ಮತ್ತು ಬ್ರಸೆಲ್ಸ್ ಊರೊಳಗೆ ಮಾಲಿನ್ಯ ನಿಯಂತ್ರಣ ವಲಯ ಇದೆ. ಫ್ರಾನ್ಸ್ ನಂಬರ್ ಪ್ಲೇಟಿನ ಕಾರು ಒಳಗೆ ಹೋಗುವ ಮೊದಲು ಆನ್‌ಲೈನ್‌ನಲ್ಲಿ ನೋಂದಾಯಿಸಬೇಕು. ರಿಂಗ್ ರೋಡಿನಲ್ಲೇ ಹಾದು ಹೋದರೆ ಬೇಡ. ಊಟಕ್ಕೆ ಅಂತ ಊರೊಳಗೆ ತಿರುಗಿದಿರೋ, ತಿಂಗಳಾದ ಮೇಲೆ ಬಾಡಿಗೆ ಕಂಪನಿ ನಿಮ್ಮ ಕಾರ್ಡಿನಿಂದ ದಂಡವನ್ನೂ ಅದರ ಮೇಲೆ ತನ್ನ ನಿರ್ವಹಣಾ ಶುಲ್ಕವನ್ನೂ ಎಳೆದುಕೊಳ್ಳುತ್ತೆ.

ಇನ್ನು ಹೊತ್ತು. ಓಡಿಸುವುದೇ 5 ಗಂಟೆ 15ರಿಂದ 30 ನಿಮಿಷ. ಎರಡು ಸಲ ನಿಲ್ಲಲು 45, ರಿಂಗ್ ರೋಡಿನಲ್ಲಿ 30, ಕಾರು ಒಪ್ಪಿಸಲು 20. ಏಳು ಗಂಟೆ ಅಂತ ಇಟ್ಟುಕೊಳ್ಳಿ. ದಾರಿಯಲ್ಲಿ ಗೆಂಟ್, ಬ್ರೂಗ್ ನೋಡಿಕೊಂಡು ಎರಡು ದಿನ ಮಾಡುವವರಿಗೆ ಕಾರು ಸರಿ. ಬರೀ ದಾಟಬೇಕು ಅನ್ನುವವರಿಗೆ ಅಲ್ಲ.

ಧಾರವಾಡ_ಫೇಡೆ

ಒಂದು ದಾರಿ ಶುಲ್ಕದ ಮಾತು ಒಪ್ಪಿದೆ ಮೇಷ್ಟ್ರೇ. ಸ್ವಂತ ಕಾರಿದ್ದು ಅಲ್ಲೇ ಇರೋ ಮಂದಿಗೆ ನನ್ನ ಲೆಕ್ಕ, ಪ್ರವಾಸಕ್ಕ ಬಂದವರಿಗೆ ನಿಮ್ಮದು. ಇನ್ನೊಂದು ಹೇಳಿಬಿಡ್ತೀನಿ: ಬೆಲ್ಜಿಯಂನ ಡಚ್ ಮಾತಾಡೋ ಭಾಗಕ್ಕ ಬಂದ ಕೂಡಲೇ ಫಲಕದಾಗ ಲೀಲ್ ಹೋಗಿ ರೈಸೆಲ್ ಆಗ್ತೈತಿ, ಮೋನ್ಸ್ ಹೋಗಿ ಬೆರ್ಗೆನ್. ಊರು ಅದ. ಜಿಪಿಎಸ್ ನಂಬಿ ಹೋಗ್ರಿ, ಫಲಕ ನೋಡಿ ತಿರುಗಬ್ಯಾಡ್ರಿ.

ಕಡಲಕರೆ

ಹಣ ಉಳಿಸಬೇಕು ಅನ್ನುವ ವಿದ್ಯಾರ್ಥಿಗಳು ಕೂಡ ಇದನ್ನು ಓದುತ್ತಾರೆ ಮಾರಾಯ್ರೆ, ಅವರಿಗಾಗಿ ಬಸ್ಸಿನದ್ದು ಬರೆಯುತ್ತೇನೆ.

ಪ್ಯಾರಿಸ್‌ನ ಬೆರ್ಸಿ ಸೇನ್ ಬಸ್ ನಿಲ್ದಾಣದಿಂದ ಆಮ್‌ಸ್ಟರ್‌ಡ್ಯಾಮ್‌ನ ಸ್ಲೋಟರ್‌ಡೈಕ್‌ಗೆ ಫ್ಲಿಕ್ಸ್‌ಬಸ್ ಉಂಟು, ಏಳರಿಂದ ಎಂಟು ಗಂಟೆ. ಬೆರ್ಸಿಗೆ ಮೆಟ್ರೊ 6 ಅಥವಾ 14. ಯೂರೋಪಿನ ನಿಯಮದಂತೆ ಚಾಲಕ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿರಾಮ ತೆಗೆದುಕೊಳ್ಳಲೇಬೇಕು. ಹಾಗಾಗಿ ಕಾರಿಗೆ ಐದೂವರೆ ಗಂಟೆಯ ದಾರಿ ಬಸ್ಸಿಗೆ ಏಳು. ರಾತ್ರಿ ಬಸ್ಸಿನಲ್ಲಿ ಹೋದರೆ ಒಂದು ರಾತ್ರಿಯ ಹೋಟೆಲ್ ಬಾಡಿಗೆ ಉಳಿಯುತ್ತದೆ, ಆದರೆ ಬೆಳಿಗ್ಗೆ ಆರಕ್ಕೆ ಇಳಿದು ಮಧ್ಯಾಹ್ನದ ಮೂರರ ತನಕ ರೂಮ್ ಕೊಡುವುದಿಲ್ಲ. ಸ್ಲೋಟರ್‌ಡೈಕ್ ಊರಿನ ನಡುವಿನಲ್ಲಿಲ್ಲ. ಅಲ್ಲಿಂದ ಸೆಂಟ್ರಾಲ್‌ಗೆ ರೈಲಿನಲ್ಲಿ ಒಂದೇ ನಿಲ್ದಾಣ, ಐದಾರು ನಿಮಿಷ.

ಬಸ್ಸಿಗೂ ಯೂರೋಸ್ಟಾರ್‌ಗೂ ನಡುವಿನ ದಾರಿ ಒಂದುಂಟು. ಪ್ಯಾರಿಸ್–ಬ್ರಸೆಲ್ಸ್ ನಡುವೆ ವಿಗೊ ಕಂಪನಿಯ ಸಾಮಾನ್ಯ ವೇಗದ ರೈಲು 2024ರ ಡಿಸೆಂಬರ್‌ನಲ್ಲಿ ಶುರುವಾಯಿತು. ಸುಮಾರು ಮೂರು ಗಂಟೆ, ಬೇಗ ತೆಗೆದರೆ ಟಿಕೆಟ್ 10 ಯೂರೊದಿಂದ. ದಿನಕ್ಕೆ ಕೆಲವೇ ಗಾಡಿ. ಬ್ರಸೆಲ್ಸ್‌ನಿಂದ ಯೂರೋಸಿಟಿ ಡೈರೆಕ್ಟ್ ಅನ್ನುವ ರೈಲು ಹತ್ತಿ. ಅದು ವೇಗದ ಹಳಿಯಲ್ಲಿ ಎರಡು ಗಂಟೆ ಚಿಲ್ಲರೆಗೆ ಆಮ್‌ಸ್ಟರ್‌ಡ್ಯಾಮ್‌ನ ಜೌಡ್ ನಿಲ್ದಾಣಕ್ಕೆ ತಲುಪಿಸುತ್ತದೆ. ಬರೀ ಯೂರೋಸಿಟಿ ಅಂತ ಇರುವುದನ್ನು ಹತ್ತಬೇಡಿ, ಅದಕ್ಕೆ ನಿಲ್ದಾಣ ಜಾಸ್ತಿ, ರಾಟರ್‌ಡ್ಯಾಮ್‌ಗೇ ಮುಗಿಯುತ್ತದೆ. ಜೌಡ್‌ನಿಂದ ಸೆಂಟ್ರಾಲ್‌ಗೆ 52ನೇ ಮೆಟ್ರೊ, ಹತ್ತು ನಿಮಿಷದೊಳಗೆ. ನಡುವೆ ಕಾಯುವುದು ಸೇರಿ ಆರೂವರೆ ಗಂಟೆ ಇಟ್ಟುಕೊಳ್ಳಿ. ಎರಡು ಬೇರೆ ಟಿಕೆಟ್ ಆದ ಕಾರಣ ಮೊದಲ ಗಾಡಿ ತಡವಾದರೆ ಎರಡನೆಯದು ನಿಮಗಾಗಿ ಕಾಯುವುದಿಲ್ಲ. ಯೂರೋಸಿಟಿ ಡೈರೆಕ್ಟ್‌ನಲ್ಲಿ ಸೀಟು ಕಾದಿರಿಸುವ ಕಟ್ಟುಪಾಡು ಇಲ್ಲ, ಹಾಗಾಗಿ ದಿನದ ಯಾವ ಗಾಡಿಗೂ ಹೊಂದುವ ಟಿಕೆಟ್ ತೆಗೆದುಕೊಂಡರೆ ಆ ತಲೆನೋವು ಇಲ್ಲ.

ಬ್ರಸೆಲ್ಸ್ ಮಿಡಿಯಲ್ಲಿ ಕಾಯುವಾಗ ಬ್ಯಾಗ್ ಕಾಲಿನ ನಡುವೆ ಇರಲಿ. ಅಲ್ಲಿ ಕಳ್ಳರ ಕಾಟ ಉಂಟು, ಗಾರ್ ದು ನೋರ್‌ನಲ್ಲೂ ಹಾಗೆಯೇ.

ಬಸವನಗುಡಿ_ಬಸು

ಎಲ್ಲರಿಗೂ ಧನ್ಯವಾದ. ರೈಲು ಅಂತ ತೀರ್ಮಾನ ಆಯ್ತು. ಟಿಕೆಟ್ ಯಾವಾಗ ತೆಗೆಯಬೇಕು? ಯೂರೋಪಿನ ಹಲವು ದೇಶಗಳ ರೈಲಿಗೆ ನಡೆಯುವ ಯೂರೇಲ್ ಪಾಸ್ ಲಾಭವಾ? ಮತ್ತೆ, ಬೆಂಗಳೂರಿನ ಟಿಕೆಟ್ ಪ್ಯಾರಿಸ್‌ಗೆ ಹೋಗಿ ಬರುವಂತೆ ತೆಗೆದರೆ ಅಗ್ಗ ಅಂತ ಏಜೆಂಟ್ ಹೇಳ್ತಿದ್ದಾರೆ. ವಾಪಸ್ ಬರುವಾಗ ಪ್ಯಾರಿಸ್–ಆಮ್‌ಸ್ಟರ್‌ಡ್ಯಾಮ್–ಬೆಂಗಳೂರು ಅಂತಿದೆ. ಮೊದಲ ತುಂಡು ಬಿಟ್ಟು ಆಮ್‌ಸ್ಟರ್‌ಡ್ಯಾಮ್‌ನಲ್ಲೇ ಹತ್ತಿದರಾಯ್ತು ಅಂತಾರೆ.

ಲೆಕ್ಕದಮೇಷ್ಟ್ರು

ಆ ಏಜೆಂಟ್ ಮಾತು ಖಂಡಿತ ಕೇಳಬೇಡಿ! ಒಂದೇ ಟಿಕೆಟಿನ ನಡುವಿನ ಒಂದು ಹಾರಾಟಕ್ಕೆ ನೀವು ಬರಲಿಲ್ಲ ಅಂದರೆ ಅದರ ಮುಂದಿನದೆಲ್ಲವನ್ನೂ ಕಂಪನಿ ರದ್ದು ಮಾಡುತ್ತೆ. ಪ್ಯಾರಿಸ್‌ನಲ್ಲಿ ಹತ್ತದಿದ್ದರೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಿಮಗೆ ಸೀಟೇ ಇರುವುದಿಲ್ಲ. ನಾಲ್ಕು ಜನಕ್ಕೆ ಆ ದಿನದ ಹೊಸ ಟಿಕೆಟ್ ಅಂದರೆ ಎಷ್ಟು ಅಂತ ನೀವೇ ಊಹಿಸಿ.

ಸರಿಯಾದ ದಾರಿ ಮಲ್ಟಿ ಸಿಟಿ ಟಿಕೆಟ್. ಬೆಂಗಳೂರಿನಿಂದ ಪ್ಯಾರಿಸ್‌ಗೆ ಏರ್ ಫ್ರಾನ್ಸ್, ಆಮ್‌ಸ್ಟರ್‌ಡ್ಯಾಮ್‌ನಿಂದ ಬೆಂಗಳೂರಿಗೆ ಕೆಎಲ್‌ಎಂ, ಎರಡೂ ನೇರ. ಎರಡೂ ಒಂದೇ ಸಮೂಹದ ಕಂಪನಿಗಳಾದ್ದರಿಂದ ಒಂದೇ ಟಿಕೆಟಿನಲ್ಲಿ ಹೋಗುವ ಊರು ಒಂದು, ಬರುವ ಊರು ಇನ್ನೊಂದು ಅಂತ ಸಿಗುತ್ತೆ. ದರ ಹೋಗಿಬರುವ ಟಿಕೆಟಿನ ಆಸುಪಾಸಿನಲ್ಲೇ ಇರುತ್ತೆ. ಹೋಗಲು ಒಂದು, ಬರಲು ಒಂದು ಅಂತ ಬೇರೆ ಬೇರೆ ತೆಗೆದರೆ ಬಹಳ ಸಲ ತುಟ್ಟಿ.

ವೀಸಾ ವಿಚಾರದಲ್ಲಿ ಒಂದೇ ಮಾತು. ಹೆಚ್ಚು ರಾತ್ರಿ ತಂಗುವ ದೇಶಕ್ಕೆ ಅರ್ಜಿ. ಸಮನಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ, ಅಂದರೆ ಫ್ರಾನ್ಸಿಗೆ.

ಹಳಿಪುರಾಣ

ಟಿಕೆಟ್: ಪ್ಯಾರಿಸ್–ಆಮ್‌ಸ್ಟರ್‌ಡ್ಯಾಮ್ ಯೂರೋಸ್ಟಾರ್ ದರ ವಿಮಾನದ ಹಾಗೆ ಸೀಟು ತುಂಬಿದಂತೆ ಏರುತ್ತೆ. ತೀರ ಕೆಳಗಿನ ದರ 35 ಯೂರೊ ಆಸುಪಾಸಿನಿಂದ ಶುರು, ಹೊರಡುವ ವಾರದಲ್ಲಿ ಮೂರ್ನಾಲ್ಕು ಪಟ್ಟು ಆಗುವುದು ಮಾಮೂಲಿ. ಎರಡು–ಮೂರು ತಿಂಗಳು ಮೊದಲು, ಮಂಗಳವಾರ, ಬುಧವಾರ ಅಥವಾ ಶನಿವಾರ ಮಧ್ಯಾಹ್ನದ ಗಾಡಿ ನೋಡಿ. ಶುಕ್ರವಾರ ಸಂಜೆ, ಭಾನುವಾರ ಸಂಜೆ ಬೇಡ. ಮೇ ತಿಂಗಳಲ್ಲಿ ಫ್ರಾನ್ಸಿಗೆ 1 ಮತ್ತು 8ರಂದು ರಜೆ. ಈಸ್ಟರ್ ಲೆಕ್ಕದಲ್ಲಿ ಬರುವ ಗುರುವಾರದ ಹಬ್ಬ ಮೂರೂ ದೇಶಕ್ಕೆ ರಜೆ, ಶುಕ್ರವಾರವೂ ಸೇರಿಸಿಕೊಂಡು ಜನ ಹೊರಡುತ್ತಾರೆ. ಆ ದಿನಗಳಲ್ಲಿ ಸೀಟು ಮೊದಲು ಖಾಲಿ. ಈ ಕೆಂಪು ಗಾಡಿಗಳಿಗೆ ಮೊದಲು ಥಾಲಿಸ್ ಅಂತ ಹೆಸರಿತ್ತು, 2023ರಲ್ಲಿ ಯೂರೋಸ್ಟಾರ್ ಆಯಿತು. ಹಳೆಯ ಲೇಖನಗಳಲ್ಲಿ ಥಾಲಿಸ್ ಅಂತ ಕಂಡರೆ ಇದೇ ಗಾಡಿ.

ಪಾಸ್: ಒಂದೇ ಒಂದು ಪ್ರಯಾಣಕ್ಕೆ ಖಂಡಿತ ಬೇಡ. ಪಾಸ್ ಇದ್ದರೂ ಯೂರೋಸ್ಟಾರ್‌ಗೆ ಸೀಟಿನ ದುಡ್ಡು ಬೇರೆ ಕೊಡಬೇಕು, ಪಾಸಿನವರಿಗೆ ಅಂತ ಇಟ್ಟ ಕೋಟಾ ಮುಗಿದರೆ ಸಾಮಾನ್ಯ ಸೀಟು ಖಾಲಿ ಇದ್ದರೂ ಕೊಡುವುದಿಲ್ಲ.

ತಡವಾದರೆ: ಯೂರೋಪಿನ ರೈಲು ಪ್ರಯಾಣಿಕರ ನಿಯಮದ ಪ್ರಕಾರ ತಲುಪುವುದು 60ರಿಂದ 119 ನಿಮಿಷ ತಡವಾದರೆ ಟಿಕೆಟಿನ 25 ಶೇಕಡಾ, 120 ನಿಮಿಷ ದಾಟಿದರೆ 50 ಶೇಕಡಾ ವಾಪಸ್ ಕೇಳಬಹುದು. ಪ್ರಕೃತಿ ವಿಕೋಪದಂಥ ಕಾರಣಗಳಿಗೆ ವಿನಾಯಿತಿ ಇದೆ. ಉತ್ತರ ಫ್ರಾನ್ಸಿನಲ್ಲಿ ಹಳಿಪಕ್ಕದ ತಾಮ್ರದ ತಂತಿ ಕಳವಾಗಿ ಸಿಗ್ನಲ್ ಸಾಯುವುದು, ಬೆಲ್ಜಿಯಂನಲ್ಲಿ ಮುಷ್ಕರ, ಇವೆರಡು ಈ ದಾರಿಯ ಹಳೆ ರೋಗ. ಮುಷ್ಕರದ ಸುದ್ದಿ ಸಾಮಾನ್ಯವಾಗಿ ಮೊದಲೇ ಬರುತ್ತೆ, ಹೊರಡುವ ವಾರ ಒಮ್ಮೆ ನೋಡಿ. ಟಿಕೆಟ್ ತೆಗೆಯುವಾಗ ನಿಮ್ಮ ಇಮೇಲ್ ಹಾಕಿ, ಏಜೆಂಟಿನದಲ್ಲ. ಗಾಡಿ ರದ್ದಾದ ಸಂದೇಶ ಅವರ ಪೆಟ್ಟಿಗೆಯಲ್ಲಿ ಕೂತರೆ ನಿಮಗೇನು ಲಾಭ?

ಕಡಲಕರೆ

ಒಂದು ಸಂಶಯ ಸೇರಿಸುತ್ತೇನೆ. ಬಸು ಅವರೇ, ರೈಲಿನಲ್ಲಿ ನೇರ ಸ್ಕಿಪೋಲ್‌ನಲ್ಲಿ ಇಳಿದು ಅದೇ ದಿನ ಬೆಂಗಳೂರು ವಿಮಾನ ಹತ್ತುವ ಯೋಚನೆ ಇಲ್ಲವಷ್ಟೆ?

ಬಸವನಗುಡಿ_ಬಸು

ಇಲ್ಲ, ಮೂರು ರಾತ್ರಿ ಆಮ್‌ಸ್ಟರ್‌ಡ್ಯಾಮ್‌ನಲ್ಲೇ. ಆದರೆ ಬೇರೆಯವರಿಗೆ ಬೇಕಾಗಬಹುದು, ಹೇಳಿ.

ಹಳಿಪುರಾಣ

ಯೂರೋಸ್ಟಾರ್ ಸ್ಕಿಪೋಲ್‌ನಲ್ಲಿ ನಿಲ್ಲುತ್ತೆ, ಪ್ಯಾರಿಸ್‌ನಿಂದ ಸುಮಾರು 3 ಗಂಟೆ 5 ನಿಮಿಷ. ರೈಲು ನಿಲ್ದಾಣ ವಿಮಾನ ನಿಲ್ದಾಣದ ಅಡಿಯಲ್ಲೇ, ಲಿಫ್ಟ್ ಏರಿದರೆ ಚೆಕ್-ಇನ್ ಕಡೆಗೆ. ದಾರಿ ಸಲೀಸು, ಆದರೆ ರೈಲು ಟಿಕೆಟೂ ವಿಮಾನ ಟಿಕೆಟೂ ಬೇರೆ ಬೇರೆ. ರೈಲು ಎರಡು ಗಂಟೆ ತಡವಾಗಿ ವಿಮಾನ ತಪ್ಪಿದರೆ ಟಿಕೆಟಿನ ಅರ್ಧ ದುಡ್ಡು ಸಿಗುತ್ತೆ, ವಿಮಾನದ್ದು ಹೋಯಿತು. ಗಾಡಿ ತಲುಪುವ ಹೊತ್ತಿಗೂ ವಿಮಾನ ಹೊರಡುವ ಹೊತ್ತಿಗೂ ನಡುವೆ ಆರು ಗಂಟೆಗಿಂತ ಕಡಿಮೆ ಇಟ್ಟುಕೊಳ್ಳಬೇಡಿ. ಹಿಂದಿನ ದಿನವೇ ಬರುವುದು ಅದಕ್ಕಿಂತ ಮೇಲು.

ಬಸವನಗುಡಿ_ಬಸು

ಕೊನೆಯದಾಗಿ ಹಿರಿಯರ ವಿಚಾರ. ಗಾರ್ ದು ನೋರ್‌ನಲ್ಲಿ ತಪಾಸಣೆ, ಪಾಸ್‌ಪೋರ್ಟ್ ಕ್ಯೂ ಎಷ್ಟು ಹೊತ್ತು? ನಡಿಗೆ ಎಷ್ಟು? ಊಟ?

ಲೆಕ್ಕದಮೇಷ್ಟ್ರು

ಲಂಡನ್‌ಗೆ ಹೋಗುವ ಯೂರೋಸ್ಟಾರ್‌ಗೆ ಮಾತ್ರ ಮೇಲ್ಮಹಡಿಯಲ್ಲಿ ಪಾಸ್‌ಪೋರ್ಟ್, ತಪಾಸಣೆ ಎಲ್ಲ. ಫಲಕದಲ್ಲಿ ಯೂರೋಸ್ಟಾರ್ ಅಂತ ನೋಡಿ ಆ ಸಾಲಿಗೆ ಹೋಗಿ ನಿಲ್ಲಬೇಡಿ. ಆಮ್‌ಸ್ಟರ್‌ಡ್ಯಾಮ್ ಗಾಡಿ ಕೆಳಗಿನ ಸಾಮಾನ್ಯ ಪ್ಲಾಟ್‌ಫಾರ್ಮ್‌ನಿಂದಲೇ ಹೊರಡುತ್ತೆ, ಟಿಕೆಟ್ ತೋರಿಸಿದರೆ ಸಾಕು. ಆದರೂ ಅಸಲಿ ಪಾಸ್‌ಪೋರ್ಟ್ ಕೈಗೆ ಸಿಗುವಂತಿರಲಿ. ಒಂದೇ ವೀಸಾ ನಡೆಯುವ ಷೆಂಗೆನ್ ದೇಶಗಳ ಒಳಗೇ ಆದರೂ ಫ್ರಾನ್ಸ್ 2015ರಿಂದ ಗಡಿ ತಪಾಸಣೆ ಇಟ್ಟಿದೆ, ಡಚ್ಚರು 2024ರ ಡಿಸೆಂಬರ್‌ನಲ್ಲಿ ಶುರು ಮಾಡಿದರು. ಗಾಡಿಯೊಳಗೆ ಪೊಲೀಸರು ಬಂದು ಕೇಳಬಹುದು, ಫೋಟೊ ಪ್ರತಿ ಒಪ್ಪುವುದಿಲ್ಲ.

ಪ್ಲಾಟ್‌ಫಾರ್ಮ್ ಸಂಖ್ಯೆ ಹೊರಡುವ ಸುಮಾರು 20 ನಿಮಿಷ ಮೊದಲು ಫಲಕದಲ್ಲಿ ಬರುತ್ತೆ, ಬಾಗಿಲು 2 ನಿಮಿಷ ಮೊದಲು ಮುಚ್ಚುತ್ತೆ. ಒಂದು ಗಾಡಿ 200 ಮೀಟರ್ ಉದ್ದ. ಎರಡನ್ನು ಜೋಡಿಸಿದ್ದರೆ 400. ನಿಮ್ಮ ಬೋಗಿ ಮುಂದಿನ ಗಾಡಿಯದಾದರೆ ಅಷ್ಟನ್ನೂ ನಡೆಯಬೇಕು, ಯಾಕೆಂದರೆ ಒಳಗಿನಿಂದ ಒಂದು ಗಾಡಿಯಿಂದ ಇನ್ನೊಂದಕ್ಕೆ ದಾಟಲು ಆಗುವುದಿಲ್ಲ. ಬಾಗಿಲಿನಲ್ಲಿ ಮೆಟ್ಟಿಲು ಇದೆ, ಪ್ಲಾಟ್‌ಫಾರ್ಮ್ ತಗ್ಗು. ಮೊಣಕಾಲು ನೋವಿದ್ದವರಿಗೆ ಸಹಾಯ ಬೇಕೆಂದು ಕನಿಷ್ಠ ಒಂದು ದಿನ ಮೊದಲೇ ತಿಳಿಸಿ. ತಲೆಗೆ ಎರಡು ಸೂಟ್‌ಕೇಸ್, ಒಂದು ಕೈಚೀಲ ಬಿಡುತ್ತಾರೆ, ತೂಕ ಹಾಕುವವರಿಲ್ಲ. ದೊಡ್ಡದನ್ನು ಬೋಗಿಯ ತುದಿಯ ಕಪಾಟಿನಲ್ಲಿ ಇಡಬೇಕು. ಬೇಗ ಹತ್ತಿದವರಿಗೆ ಜಾಗ, ತಡವಾದವರು ಕಾಲಡಿ ಇಟ್ಟುಕೊಳ್ಳಬೇಕು. ಬ್ರಸೆಲ್ಸ್‌ನಲ್ಲಿ ಜನ ಇಳಿಯುವಾಗ ಒಬ್ಬರು ಕಪಾಟಿನ ಕಡೆ ಕಣ್ಣಿಟ್ಟಿರಿ.

ಕಡಲಕರೆ

ಊಟಕ್ಕೆ: ಗಾಡಿಯಲ್ಲಿ ಕೆಫೆ ಬೋಗಿ ಉಂಟು, ಸಸ್ಯಾಹಾರಕ್ಕೆ ಸ್ಯಾಂಡ್‌ವಿಚ್, ಸಲಾಡ್ ಬಿಟ್ಟರೆ ಹೆಚ್ಚೇನಿಲ್ಲ. ಗಾರ್ ದು ನೋರ್‌ನ ಹಿಂದೆ ಹತ್ತು ನಿಮಿಷ ನಡೆದರೆ ಲಾ ಶಾಪೆಲ್. ಶ್ರೀಲಂಕಾ ತಮಿಳರ ಅಂಗಡಿ, ಹೋಟೆಲುಗಳ ಬೀದಿ ಅದು. ಇಡ್ಲಿ, ದೋಸೆ, ಮೊಸರನ್ನ ಎಲ್ಲ ಸಿಗುತ್ತದೆ. ಮಧ್ಯಾಹ್ನದ ಗಾಡಿಯಾದರೆ ಒಬ್ಬರು ಹೋಗಿ ಪಾರ್ಸೆಲ್ ತನ್ನಿ. ಗಾಡಿಯೊಳಗೆ ತಿನ್ನಲು ಅಡ್ಡಿಯಿಲ್ಲ, ಸಾಂಬಾರು ಮಾತ್ರ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿರಲಿ.

ಹಿರಿಯರಿಗೆ ಮೂರೂಕಾಲು ಗಂಟೆ ಒಟ್ಟಿಗೆ ಕೂರಲು ಆಗುವುದಿಲ್ಲ ಅಂತಾದರೆ ಆಂಟ್‌ವರ್ಪ್‌ನಲ್ಲಿ ಇಳಿಯಬಹುದು. ಪ್ಯಾರಿಸ್‌ನಿಂದ ಸುಮಾರು 2 ಗಂಟೆ 5 ನಿಮಿಷ. ನಿಲ್ದಾಣದಲ್ಲೇ ಲಾಕರ್ ಉಂಟು, 1905ರ ಆ ಕಟ್ಟಡವೇ ನೋಡಲು ಸಾಕು. ಅಲ್ಲಿಂದ ಯೂರೋಸಿಟಿ ಡೈರೆಕ್ಟ್ ಸಿಗುತ್ತದೆ. ಆದರೆ ಟಿಕೆಟ್ ಮೊದಲಿನಿಂದಲೇ ಪ್ಯಾರಿಸ್–ಆಂಟ್‌ವರ್ಪ್ ಅಂತ ತೆಗೆಯಬೇಕು. ಆಮ್‌ಸ್ಟರ್‌ಡ್ಯಾಮ್ ಟಿಕೆಟ್ ತೆಗೆದು ನಡುವೆ ಇಳಿದರೆ ಉಳಿದ ಭಾಗ ಹೋಯಿತು.

ಹಳಿಪುರಾಣ

ಆಮ್‌ಸ್ಟರ್‌ಡ್ಯಾಮ್ ಸೆಂಟ್ರಾಲ್‌ನಲ್ಲಿ ಇಳಿದ ಮೇಲೆ: ಟ್ರಾಮ್ ಬೇಕಾದರೆ ಊರಿನ ಕಡೆಯ ಬಾಗಿಲು, ಬಸ್ಸು ಮತ್ತು ದೋಣಿಗೆ ನೀರಿನ ಕಡೆಯ ಬಾಗಿಲು. ಸೂಟ್‌ಕೇಸ್ ಎಳೆದುಕೊಂಡು ತಪ್ಪು ಕಡೆ ಹೋದರೆ ವಾಪಸ್ ಇಡೀ ನಿಲ್ದಾಣ ದಾಟಬೇಕು. ಟ್ರಾಮ್, ಮೆಟ್ರೊ, ರೈಲು ಎಲ್ಲದಕ್ಕೂ ಬ್ಯಾಂಕ್ ಕಾರ್ಡನ್ನೇ ಯಂತ್ರಕ್ಕೆ ತೋರಿಸಿ ಹತ್ತಬಹುದು. ಹತ್ತುವಾಗ ಒಂದು ಸಲ, ಇಳಿಯುವಾಗ ಇನ್ನೊಂದು ಸಲ. ಇಳಿಯುವಾಗ ಮರೆತರೆ ಹೆಚ್ಚು ದರ ಕತ್ತರಿಸುತ್ತಾರೆ. ಒಂದು ಕಾರ್ಡಿಗೆ ಒಬ್ಬರೇ, ಹಾಗಾಗಿ ನಾಲ್ವರಿಗೆ ನಾಲ್ಕು ಬೇರೆ ಕಾರ್ಡು ಬೇಕು. ಹಿರಿಯರ ಹತ್ತಿರ ವಿದೇಶದಲ್ಲಿ ನಡೆಯುವ ಕಾರ್ಡ್ ಇಲ್ಲದಿದ್ದರೆ ಅವರಿಬ್ಬರಿಗೆ ನಿಲ್ದಾಣದ ಯಂತ್ರದಲ್ಲಿ ಊರಿನ ಸಾರಿಗೆ ಸಂಸ್ಥೆ ಜಿವಿಬಿಯ 24 ಅಥವಾ 72 ಗಂಟೆಯ ಟಿಕೆಟ್ ತೆಗೆದುಕೊಡಿ. ಅದು ಟ್ರಾಮ್, ಬಸ್ಸು, ಮೆಟ್ರೊಗೆ ನಡೆಯುತ್ತೆ, ಸ್ಕಿಪೋಲ್ ರೈಲಿಗೆ ನಡೆಯುವುದಿಲ್ಲ.